ಸೋರುವ ಮಾಡು ಯಾರದು?

ಯುಗಾದಿ ಕಳೆದು ಒಂದೆರಡು ಅಡ್ಡಮಳೆ ಬಿದ್ದಿತೆಂದರೆ ಕೊಪ್ಪ, ಶೃಂಗೇರಿ ಸೀಮೆಯಲ್ಲಿ ಎಲ್ಲರೂ ಕತ್ತೆತ್ತಿ ಮೇಲೆ ನೋಡತೊಡಗುತ್ತಾರೆ. ತೋಟದ ಯಜಮಾನರು ನೋಡುವುದು ಅಡಿಕೆಯ ಕೊನೆಯನ್ನು. ಬಾಡಿಗೆ ಮನೆಯವರು ನೋಡುವುದು ಹೆಂಚಿನ ಸಂದಿಯನ್ನು. ಯಜಮಾನರು ನೋಡಿದ ಮೇಲೆ ಕೆಲಸ ನಡೆಯುತ್ತದೆ. ಮೈಲುತುತ್ತ ಬರುತ್ತದೆ, ಸುಣ್ಣ ಬರುತ್ತದೆ, ಮರ ಹತ್ತುವವನಿಗೆ ಮುಂಗಡ ಹೋಗುತ್ತದೆ. ಬಾಡಿಗೆದಾರ ನೋಡಿದ ಮೇಲೆ ನಡೆಯುವುದೇನು? ಅವನು ಮನೆಯ ಯಜಮಾನರ ಅಂಗಳಕ್ಕೆ ಹೋಗಿ ನಿಲ್ಲುತ್ತಾನೆ. "ಅಯ್ಯಾ, ಮಳೆ ಹಿಡಿಯೋದ್ರೊಳಗೆ ಹೆಂಚು ಒಂದ್ಸಲ ಕೈಯಾಡಿಸಿ ಕೊಡ್ಬೇಕಿತ್ತು." "ನೋಡಾಣ ಮಾರಾಯ, ಈಗ ಆಳು ಎಲ್ಲಿ ಸಿಗ್ತಾರೆ? ಸದ್ಯಕ್ಕೆ ಒಂದು ಪ್ಲಾಸ್ಟಿಕ್ ಹೊದಿಸ್ಕೊ." ಅಲ್ಲಿಗೆ ಆ ವರ್ಷದ ರಿಪೇರಿ ಮುಗಿಯಿತು.

ಕೊಪ್ಪ ತಾಲ್ಲೂಕಿನ ನಾರ್ವೆಯಂಥ ಊರುಗಳಲ್ಲಿ ಬಾಡಿಗೆ ಮನೆ ಎಂದರೆ ಪೇಟೆಯವರು ತಿಳಿಯುವಂಥ ಮನೆಯಲ್ಲ. ಹಳೆಯ ಹೆಂಚಿನ ಮನೆಯ ಹೊರಗಿನ ಎರಡು ಕೋಣೆ, ಅಂಗಡಿಯ ಹಿಂದಿನ ಚಾವಡಿ, ಅಡಿಕೆ ಸುಲಿಯುತ್ತಿದ್ದ ಕೊಟ್ಟಿಗೆಗೆ ಅಡ್ಡಗೋಡೆ ಹಾಕಿ ಮಾಡಿದ ಬಿಡಾರ, ಕಾಫಿ ತೋಟದ ಲೈನು ಮನೆ. ಇವುಗಳಲ್ಲಿ ಶಾಲೆಯ ಮೇಷ್ಟ್ರು ಇರುತ್ತಾರೆ, ಆಸ್ಪತ್ರೆಯ ನರ್ಸು ಇರುತ್ತಾರೆ, ಬಸ್ಸಿನ ಡ್ರೈವರು ಇರುತ್ತಾನೆ, ಬಯಲುಸೀಮೆಯಿಂದಲೂ ಅಸ್ಸಾಂ ಬಂಗಾಳಗಳಿಂದಲೂ ಕೂಲಿಗೆಂದು ಬಂದ ಸಂಸಾರಗಳು ಇರುತ್ತವೆ. ಮಳೆಗಾಲದ ನಾಲ್ಕು ತಿಂಗಳು ಇವರೆಲ್ಲರ ಮಾತೂ ಒಂದೇ. ನಿನ್ನೆ ರಾತ್ರಿ ಎಲ್ಲಿ ಸೋರಿತು, ಪಾತ್ರೆ ಎಲ್ಲಿಟ್ಟೆವು, ಹಾಸಿಗೆ ಎತ್ತ ಸರಿಸಿದೆವು.

ಹೆಂಚಿನ ವಿಷಯ ರಾಜಕೀಯದ ಪತ್ರಿಕೆಯಲ್ಲಿ ಏಕೆ ಎಂದು ಕೇಳುವ ಮಹನೀಯರು ಇದ್ದಾರೆ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರ ಜಗಳ ಯಾವುದರ ಮೇಲೆ ಎದ್ದಿತೆಂಬುದನ್ನು ಅವರು ನೆನಪು ಮಾಡಿಕೊಳ್ಳಬೇಕು. ಕೊಳಗದ ಅಳತೆಯ ಮೇಲೆ. ಎಷ್ಟು ಸೇರಿಗೆ ಒಂದು ಕೊಳಗ ಎಂಬುದು ಧಣಿಗಳ ಕಣ್ಣಿಗೆ ಕ್ಷುಲ್ಲಕ ವಿಚಾರವೇ ಆಗಿತ್ತು. ವರ್ಷವರ್ಷವೂ ಅಳೆದು ಕೊಡುವವನಿಗೆ ಅದು ಕ್ಷುಲ್ಲಕವಾಗಿರಲಿಲ್ಲ. ಹೆಂಚಿನ ಮಾತೂ ಹಾಗೆಯೇ.

ನಾನು ಹೇಳಬೇಕೆಂದಿರುವುದು ಇಷ್ಟು. ಮಲೆನಾಡಿನ ಮಳೆ ಪ್ರಕೃತಿ ವಿಕೋಪವಲ್ಲ. ಅದು ಮನೆ ಇಟ್ಟುಕೊಂಡು ಬಾಡಿಗೆ ಎಣಿಸುವವರ ವಾರ್ಷಿಕ ಖರ್ಚು. ಈ ಖರ್ಚನ್ನು "ದೇವರು ಕೊಟ್ಟ ಮಳೆ, ನಾವೇನು ಮಾಡೋಣ" ಎಂಬ ಒಂದು ಮಾತಿನಿಂದ ಬಾಡಿಗೆದಾರನ ತಲೆಯ ಮೇಲೆ ಸುರಿಯುತ್ತಾ ಬಂದಿದ್ದಾರೆ.

ಮಳೆಯ ಲೆಕ್ಕ ಯಾರಿಗೆ ಗೊತ್ತಿಲ್ಲ? ಮೃಗಶಿರಾ ಜೂನ್ 7ರ ಸುಮಾರಿಗೆ ಹೂಡುತ್ತದೆ. ಆರಿದ್ರ ಆ ತಿಂಗಳ ಮೂರನೆಯ ವಾರದ ಕೊನೆಗೆ. ಪುನರ್ವಸು, ಪುಷ್ಯ ಎರಡೂ ಜುಲೈಯಲ್ಲಿ. ನಾಟಿಯ ಗದ್ದೆಗೂ ಸೋರುವ ಮನೆಗೂ ಇವೇ ದೊಡ್ಡ ಮಳೆಗಳು. ಆಗಸ್ಟಿನ ಆರಂಭಕ್ಕೆ ಆಶ್ಲೇಷ. ನಮ್ಮ ಅಜ್ಜಂದಿರ ಕಾಲದಿಂದ ಈ ಪಟ್ಟಿ ಗೋಡೆಯ ಪಂಚಾಂಗದಲ್ಲಿ ನೇತಾಡುತ್ತಿದೆ. ಕೊಪ್ಪ, ಶೃಂಗೇರಿಗಳಲ್ಲಿ ವರ್ಷಕ್ಕೆ ನೂರು ಅಂಗುಲ ಬೀಳದಿದ್ದರೆ ಈ ಸಲ ಮಳೆಯೇ ಆಗಲಿಲ್ಲವೆಂದು ಗೊಣಗುತ್ತಾರೆ. ಪಕ್ಕದ ಆಗುಂಬೆಯಲ್ಲಿ ಅದು ಇನ್ನೂರೈವತ್ತು ಅಂಗುಲವನ್ನೂ ದಾಟುತ್ತದೆ. ನರಸಿಂಹರಾಜಪುರದ ಕಡೆ ಕಡಿಮೆ, ಆದರೂ ಮಣ್ಣಿನ ಗೋಡೆಯನ್ನು ನೆನೆಸಲು ಸಾಕಾಗುವಷ್ಟು. ಒಂದೆರಡು ವಾರ ಹಿಂದೆ ಮುಂದೆ ಆಗಬಹುದು, ಬರುವುದಂತೂ ತಪ್ಪುವುದಿಲ್ಲ. ತಪ್ಪದೆ ಬರುವುದನ್ನು ಆಕಸ್ಮಿಕವೆನ್ನುವುದು ಯಾವ ನ್ಯಾಯ?

ಇದೇ ಯಜಮಾನರು ತೋಟದಲ್ಲಿ ಮಳೆಯನ್ನು ಆಕಸ್ಮಿಕವೆನ್ನುವುದಿಲ್ಲ. ಅಡಿಕೆಗೆ ಕೊಳೆ ತಗಲುವುದು ಮಳೆಯಿಂದ. ಮೈಸೂರು ಸರ್ಕಾರದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರಷ್ಟು ಹಿಂದೆಯೇ ಕೊಳೆರೋಗದ ವಿಚಾರ ಬರೆದು ಬೋರ್ಡೋ ದ್ರಾವಣದ ದಾರಿ ತೋರಿಸಿದರು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು. ಮಳೆ ಹಿಡಿಯುವ ಮುಂಚೆ ಒಂದು ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ. ಜತೆಗೆ ಕೊನೆಗೆ ಕೊಟ್ಟೆ ಕಟ್ಟಿಸುವವರೂ ಉಂಟು. ಅರುವತ್ತು ಅಡಿ ಎತ್ತರದಲ್ಲಿ ತೂಗುವ ಅಡಿಕೆಯ ಕೊನೆಗೆ ಹೊದಿಕೆ ಸಿಗುತ್ತದೆ, ಹತ್ತು ಅಡಿ ಎತ್ತರದ ಮಾಡಿಗೆ ಸಿಗುವುದಿಲ್ಲ! ತೋಟದ ಖಾತೆಯಲ್ಲಿ ಮಳೆ ಖರ್ಚಿನ ಬಾಬು, ಮನೆಯ ಖಾತೆಯಲ್ಲಿ ದೈವದ ಬಾಬು. ಕಾರಣ ಕಷ್ಟದ್ದಲ್ಲ. ಕೊನೆ ಕೊಳೆತರೆ ನಷ್ಟ ಯಜಮಾನರದು. ಮನೆ ಸೋರಿದರೆ ನೆನೆಯುವ ಹಾಸಿಗೆ ಇನ್ನೊಬ್ಬನದು.

ಮನೆ ಹೇಗೆ ಹಾಳಾಗುತ್ತದೆಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಏಕೆಂದರೆ "ಹಳೇ ಮನೆ, ಬಿತ್ತು" ಎನ್ನುವಾಗ ನಡುವಣ ಹತ್ತು ವರ್ಷದ ಕತೆಯನ್ನು ಯಾರೂ ಹೇಳುವುದಿಲ್ಲ.

1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು ಹೆಂಚಿನ ಕಾರ್ಖಾನೆ ಹಾಕಿದರು. ಆ ಹೆಂಚು ಘಟ್ಟ ಹತ್ತಿ ಬಂದ ಮೇಲೆ ಸೋಗೆಯ ಮಾಡು, ಹುಲ್ಲಿನ ಮಾಡು ಒಂದೊಂದಾಗಿ ಹೋದವು. ಒಳ್ಳೆಯದೇ ಆಯಿತು. ಆದರೆ ಸೋಗೆಯ ಮನೆಗೆ ಒಂದು ಗುಣವಿತ್ತು: ಪ್ರತಿ ವರ್ಷ ಹೊದಿಸದೆ ಗತ್ಯಂತರವಿರಲಿಲ್ಲ. ಹೆಂಚು ಬಂದ ಮೇಲೆ ಅದು ಶಾಶ್ವತವೆಂಬ ಭ್ರಮೆ ಬಂತು. ಹೆಂಚೇನೋ ನೂರು ವರ್ಷ ಬಾಳುತ್ತದೆ. ಅದನ್ನು ಹೊತ್ತ ರೀಪು, ಪಕ್ಕಾಸು ಬಾಳಬೇಕಲ್ಲ. ನೂರು ಚದರಡಿ ಮಾಡಿಗೆ ಹೆಚ್ಚುಕಡಿಮೆ ನೂರೈವತ್ತು ಹೆಂಚು ಬೇಕು. ಅದರಲ್ಲಿ ಒಂದನ್ನು ಮಂಗ ಸರಿಸಿತೆನ್ನಿ, ಇಲ್ಲವೆ ಹಲಸಿನ ಕೊಂಬೆ ಬಿದ್ದು ಒಡೆಯಿತೆನ್ನಿ. ನೀರು ಮೊದಲು ನೆಲಕ್ಕೆ ಬೀಳುವುದಿಲ್ಲ, ರೀಪಿನ ಮೇಲೆ ಹರಿಯುತ್ತದೆ. ಒಂದು ಮಳೆಗಾಲಕ್ಕೆ ರೀಪು ಮೆತ್ತಗಾಗುತ್ತದೆ. ಮರುವರ್ಷ ಅದು ಬಾಗಿ ಮೇಲಿನ ನಾಲ್ಕು ಹೆಂಚು ಜಾರುತ್ತವೆ. ಮೂರನೆಯ ವರ್ಷ ನೀರು ಪಕ್ಕಾಸಿನ ಬುಡ ಹಿಡಿದು ಗೋಡೆಯ ನೆತ್ತಿಗೆ ಇಳಿಯುತ್ತದೆ. ಮಣ್ಣಿನ ಗೋಡೆಗೆ ಮುಖಕ್ಕೆ ಬಡಿಯುವ ಇರಚಲಿಗಿಂತ ನೆತ್ತಿಯಿಂದ ಇಳಿಯುವ ನೀರು ದೊಡ್ಡ ಶತ್ರು. ಒಳಗೆ ಗೆದ್ದಲು, ಹೊರಗೆ ಪಾಚಿ. ಮೊದಲ ವರ್ಷ ಒಂದು ಹೆಂಚಿನ ಬೆಲೆಯಲ್ಲಿ ಮುಗಿಯಬೇಕಾಗಿದ್ದ ಕೆಲಸ ಹತ್ತು ವರ್ಷಕ್ಕೆ ಒಂದು ಗೋಡೆಯ ಬೆಲೆಗೆ ಏರಿರುತ್ತದೆ.

ಹಿಂದಿನವರು ಇದನ್ನು ಬಲ್ಲವರಾಗಿದ್ದರು. ಮೇ ತಿಂಗಳಲ್ಲಿ ಹೆಂಚು ಒಣಗಿದ್ದಾಗ ಒಂದು ಸಲ ಇಳಿಸಿ, ತರಗೆಲೆ ತೆಗೆದು, ಪಾಚಿ ಉಜ್ಜಿ, ಒಡೆದುದನ್ನು ಬದಲಾಯಿಸಿ ಮತ್ತೆ ಹೊದಿಸುತ್ತಿದ್ದರು. ಮಳೆ ಹಿಡಿದ ಮೇಲೆ ಹೆಂಚಿನ ಮೇಲೆ ಕಾಲಿಡುವುದು ಪ್ರಾಣಕ್ಕೆ ಸಂಚಕಾರ. ಗಾಳಿಮಳೆ ಬಡಿಯುವ ಪಡುವಣ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಅಡಿಗೆಮನೆಯ ಒಲೆಯ ಹೊಗೆ ಅಟ್ಟಕ್ಕೆ ಏರಿ ಪಕ್ಕಾಸುಗಳನ್ನು ಕಪ್ಪಗೆ ಮಾಡುತ್ತಿತ್ತು. ಹೊಗೆ ಕುಡಿದ ಮರಕ್ಕೆ ಹುಳು ಹತ್ತುವುದು ಕಡಿಮೆ, ತೇವವೂ ನಿಲ್ಲದು. ಈಗ ಗ್ಯಾಸಿನ ಒಲೆ. ಹೆಂಗಸರ ಕಣ್ಣು ಉಳಿಯಿತು, ಅದು ಆಗಬೇಕಾದುದೇ. ಆದರೆ ಅಟ್ಟದ ತೇವವನ್ನು ಒಣಗಿಸಲು ಬೇರೆ ದಾರಿ ಮಾಡಬೇಕೆಂಬುದನ್ನು ಮರೆತರು. ಬಾಡಿಗೆದಾರ ಸಿಗದೆ ಒಂದು ಮಳೆಗಾಲ ಬೀಗ ಹಾಕಿದ ಮನೆ ಎಲ್ಲಕ್ಕಿಂತ ಬೇಗ ಹಾಳಾಗುತ್ತದೆ. ಮುಂದೆ ಬಂದವನಿಗೆ ಅದನ್ನೇ ಒರೆಸಿ, ಸುಣ್ಣ ಬಳಿದು ಕೊಡುತ್ತಾರೆ. ಸುಣ್ಣ ಒಳಗಿನ ತೇವವನ್ನು ನವೆಂಬರಿನಿಂದ ಮೇ ತನಕ ಮುಚ್ಚಿಡುತ್ತದೆ, ಅಷ್ಟೇ.

ಇನ್ನು ಧರೆ. ಬೇರೆ ಸೀಮೆಯವರಿಗೆ ಈ ಮಾತು ತಿಳಿಯಲಾರದು. ಗುಡ್ಡ ಕಡಿದು ಮನೆಗೆ ಜಾಗ ಮಾಡಿದಾಗ ಹಿಂದೆ ನಿಲ್ಲುವ ಮಣ್ಣಿನ ಗೋಡೆಯೇ ಧರೆ. ಮೊದಲು ಗುದ್ದಲಿಯಲ್ಲಿ ಕಡಿಯುತ್ತಿದ್ದರು; ಬೆವರು ಸುರಿಯುತ್ತಿದ್ದುದರಿಂದ ಬೇಕಾದಷ್ಟೇ ಕಡಿಯುತ್ತಿದ್ದರು, ಇಳಿಜಾರು ಬಿಡುತ್ತಿದ್ದರು, ಹಿಂದೆ ನೀರು ಹೋಗಲು ಚರಂಡಿ ತೆಗೆಯುತ್ತಿದ್ದರು. ಈಗ ಜೆಸಿಬಿ ಅರ್ಧ ದಿನದಲ್ಲಿ ಎರಡಾಳೆತ್ತರ ನೆಟ್ಟಗೆ ಕಡಿದು ಹೋಗುತ್ತದೆ. ಯಜಮಾನರ ಮನೆ ಮುಂದೆ, ರಸ್ತೆಯ ಬದಿಗೆ. ಬಾಡಿಗೆಯ ಕೋಣೆಗಳ ಸಾಲು ಹಿಂದೆ, ಧರೆಯ ಬುಡಕ್ಕೆ. ಆಶ್ಲೇಷ ಮಳೆಯ ಹೊತ್ತಿಗೆ ಗುಡ್ಡದೊಳಗೆಲ್ಲ ಒರತೆ ಎದ್ದಿರುತ್ತದೆ. ನೀರಿಗೆ ಹೊರದಾರಿ ಇಲ್ಲದಿದ್ದರೆ ಧರೆ ತಾನೇ ದಾರಿ ಮಾಡಿಕೊಳ್ಳುತ್ತದೆ. ಮಳೆ ನಿಂತು ಬಿಸಿಲು ಕಂಡ ಹೊಳವಿನಲ್ಲೂ ನೆನೆದ ಗೋಡೆ, ನೆನೆದ ಧರೆ ಕುಸಿಯುವುದುಂಟು. ಹೊಳವಾಯಿತೆಂದು ಅಪಾಯ ಕಳೆಯಿತೆಂದುಕೊಳ್ಳಬಾರದು.

ಕಾಯಿದೆ ಏನೆನ್ನುತ್ತದೆ? ನೂರ ನಲವತ್ತು ವರ್ಷ ದಾಟಿದ 1882ರ ಸ್ವತ್ತು ವರ್ಗಾವಣೆ ಕಾಯಿದೆಯ 108ನೆಯ ಕಲಮೇ ಇಂದಿಗೂ ನಮ್ಮ ಹಳ್ಳಿಯ ಬಾಡಿಗೆದಾರನಿಗೆ ದಿಕ್ಕು. 1961ರ ಬಾಡಿಗೆ ನಿಯಂತ್ರಣ ಕಾಯಿದೆಯಾಗಲಿ ಅದರ ಜಾಗಕ್ಕೆ ಬಂದ 1999ರ ಕಾಯಿದೆಯಾಗಲಿ ಕಣ್ಣಿಟ್ಟದ್ದು ಪಟ್ಟಣಗಳ ಮೇಲೆ. 108ನೆಯ ಕಲಮು ಹೇಳುವುದನ್ನು ಸರಳವಾಗಿ ಹೇಳುತ್ತೇನೆ. ಯಜಮಾನ ಮಾಡಲೇಬೇಕಾದ ರಿಪೇರಿಯನ್ನು ತಿಳಿಸಿದ ಮೇಲೂ ಯುಕ್ತ ಕಾಲದಲ್ಲಿ ಮಾಡದಿದ್ದರೆ ಬಾಡಿಗೆದಾರನೇ ಮಾಡಿಸಿ, ಖರ್ಚನ್ನು ಬಡ್ಡಿ ಸಹಿತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಬೆಂಕಿ, ಬಿರುಗಾಳಿ, ನೆರೆಗಳಿಂದ ಮನೆ ವಾಸಕ್ಕೆ ಬಾರದಂತಾದರೆ ಕರಾರನ್ನು ಬಿಟ್ಟು ಹೋಗುವ ಹಕ್ಕು ಬಾಡಿಗೆದಾರನದು. ಮನೆಯನ್ನು ಕೊಟ್ಟ ಸ್ಥಿತಿಯಲ್ಲಿ ಇಟ್ಟುಕೊಳ್ಳುವುದು ಅವನ ಹೊಣೆ. ಆದರೆ ಬಳಕೆಯಿಂದ ಸಹಜವಾಗಿ ಸವೆಯುವುದಕ್ಕೂ ತಡೆಯಲಾಗದ ಶಕ್ತಿಯಿಂದ ಆದುದಕ್ಕೂ ಅವನು ಜವಾಬ್ದಾರನಲ್ಲ.

ಚೆನ್ನಾಗಿದೆಯಲ್ಲವೆ? ಮುಳ್ಳು ಇರುವುದು "ಮಾಡಲೇಬೇಕಾದ ರಿಪೇರಿ" ಎಂಬಲ್ಲಿ. ಮಾಡನ್ನು ಹೊದಿಸುವುದು ಯಜಮಾನನ ಕೆಲಸವೆಂದು ಕಾಯಿದೆ ಬಾಯಿಬಿಟ್ಟು ಹೇಳುವುದಿಲ್ಲ. ಅದನ್ನು ಕರಾರಿಗೂ ಊರಿನ ರೂಢಿಗೂ ಬಿಟ್ಟಿದೆ. ಕರಾರು ಬರೆಯುವವರು ಯಾರು? ಯಜಮಾನರು ಹೇಳಿದಂತೆ ಪೇಟೆಯ ಟೈಪಿನವನು. ಹನ್ನೊಂದು ತಿಂಗಳಿಗೆ ಒಂದು ಛಾಪಾ ಕಾಗದ. ವರ್ಷ ಮೀರಿದರೆ ನೋಂದಣಿ ಮಾಡಿಸಬೇಕಾಗುತ್ತದೆಂದು ಈ ಹನ್ನೊಂದರ ಉಪಾಯ. ಅದರಲ್ಲಿ ಎಲ್ಲೋ ನಡುವೆ ಒಂದು ಸಾಲು: ಸಣ್ಣಪುಟ್ಟ ರಿಪೇರಿಯೆಲ್ಲ ಬಾಡಿಗೆದಾರರದು. ಸಣ್ಣದು ಎಲ್ಲಿ ಮುಗಿಯುತ್ತದೆ, ಪುಟ್ಟದು ಎಲ್ಲಿ ಶುರುವಾಗುತ್ತದೆ? ಒಂದು ಹೆಂಚು ಸಣ್ಣದು, ಸರಿ. ನೂರು ಹೆಂಚು? ಆರಿದ್ರ ಮಳೆಯ ರಾತ್ರಿ ಇದನ್ನು ತೀರ್ಮಾನಿಸಲು ಯಾವ ಕೋರ್ಟೂ ತೆರೆದಿರುವುದಿಲ್ಲ. ಲಿಖಿತ ಕರಾರೇ ಇಲ್ಲದ ಮನೆಗಳಂತೂ ಹಳ್ಳಿಗಳಲ್ಲಿ ಲೆಕ್ಕವಿಲ್ಲದಷ್ಟು. ಅಲ್ಲಿ ಉಳಿಯುವುದು ರೂಢಿಯೊಂದೇ. ಮಾಡು ಮನೆಯೊಡೆಯನದು ಎಂಬುದೇ ಈ ಸೀಮೆಯ ರೂಢಿಯೆಂದು ಹಿರಿಯರನ್ನು ಕೇಳಿ ಬರೆದಿಡಬೇಕಾದ ಕಾಲ ಬಂದಿದೆ. ಇಲ್ಲವಾದರೆ ನಾಲ್ಕು ವರ್ಷ ಬಾಯಿಮುಚ್ಚಿ ಪ್ಲಾಸ್ಟಿಕ್ ಹೊದಿಸಿಕೊಂಡುದೇ ರೂಢಿಯಾಗಿಬಿಡುತ್ತದೆ. 2021ರ ಜೂನಿನಲ್ಲಿ ಕೇಂದ್ರದ ಮಂತ್ರಿಮಂಡಲ ಒಪ್ಪಿದ ಮಾದರಿ ಬಾಡಿಗೆ ಕಾಯಿದೆಯಲ್ಲಿ ಕಟ್ಟಡದ ಮುಖ್ಯ ರಿಪೇರಿ, ಸುಣ್ಣಬಣ್ಣ, ಕೊಳವೆ, ವಿದ್ಯುತ್ತಿನ ತಂತಿ ಇವು ಯಜಮಾನನವೆಂದೂ, ನಲ್ಲಿಯ ವಾಷರು, ಚರಂಡಿ ಚೊಕ್ಕಟ ಮುಂತಾದವು ಬಾಡಿಗೆದಾರನವೆಂದೂ ಪಟ್ಟಿ ಮಾಡಿಟ್ಟಿದ್ದಾರೆ. ಮಾದರಿ ಎಂದರೆ ಮಾದರಿ. ರಾಜ್ಯಗಳು ತಾವಾಗಿ ಮಾಡಿಕೊಂಡ ಹೊರತು ಅದಕ್ಕೆ ಹಲ್ಲಿಲ್ಲ. ಆದರೂ ಕರಾರು ಬರೆಸುವವರು ಆ ಪಟ್ಟಿಯನ್ನು ನಕಲು ಮಾಡಿಕೊಳ್ಳಲು ಯಾರ ಅಡ್ಡಿಯೂ ಇಲ್ಲ.

ನಮ್ಮ ನಾರ್ವೆಯ ಹೆಸರಿನದೇ ಒಂದು ದೇಶ ಭೂಪಟದ ನೆತ್ತಿಯಲ್ಲಿದೆ. ಅಲ್ಲಿ ಮಳೆಯ ಬದಲು ಹಿಮ. ಚಳಿಗಾಲಕ್ಕೆ ಮಾಡಿನ ಮೇಲೆ ಆಳೆತ್ತರ ಹಿಮ ಕೂರುವ ಊರುಗಳೂ ಉಂಟು. ಕೊಳವೆಯೊಳಗೆ ನೀರು ಗಡ್ಡೆಕಟ್ಟಿ ಕೊಳವೆ ಸೀಳಿಹೋಗುವ ಭಯವಂತೂ ಎಲ್ಲೆಲ್ಲೂ. 1999ರಲ್ಲಿ ಆ ದೇಶ ಮಾಡಿಕೊಂಡ ಬಾಡಿಗೆ ಕಾಯಿದೆಯ ಪ್ರಕಾರ ಮನೆಯನ್ನು ಸುಸ್ಥಿತಿಯಲ್ಲಿಡುವುದು ಯಜಮಾನನ ಕೆಲಸ. ಬೇರೆ ಒಪ್ಪಂದವಿಲ್ಲದಿದ್ದರೆ ಬೀಗ, ನಲ್ಲಿ, ಸ್ವಿಚ್ಚುಗಳಂಥವು ಬಾಡಿಗೆದಾರನವು, ಮತ್ತು ಹಾನಿ ಕಂಡ ಕೂಡಲೆ ತಿಳಿಸುವ ಹೊಣೆಯೂ ಅವನದು. ಹಿಮ ಬೀಳುವುದನ್ನು ಆ ದೇಶದಲ್ಲಿ ವಿಕೋಪವೆಂದು ಯಾರೂ ಕರೆಯುವುದಿಲ್ಲ, ಏಕೆಂದರೆ ಅದು ಪ್ರತಿ ವರ್ಷ ಬೀಳುತ್ತದೆ. ಆ ನಾರ್ವೆಯವರಿಗೆ ತಿಳಿದುದು ಈ ನಾರ್ವೆಯವರಿಗೆ ತಿಳಿಯದ ಬ್ರಹ್ಮವಿದ್ಯೆಯೇನೂ ಅಲ್ಲ.

ಲೈನು ಮನೆಗಳ ಕತೆ ಬೇರೆ, ಮತ್ತು ಹೆಚ್ಚು ಕಠಿಣ. "ಅವರಿಗೆ ಬಾಡಿಗೆಯೇ ಇಲ್ಲ, ಪುಕ್ಕಟೆ ಕೊಟ್ಟಿದ್ದೇವೆ" ಎಂಬುದು ತೋಟದವರ ಮಾತು. ಪುಕ್ಕಟೆ ಎಂಬುದು ಇಲ್ಲಿ ಒಂದು ಸುಳ್ಳು. ಮನೆ ಕೊಟ್ಟಿದ್ದೇವೆಂದು ಕೂಲಿಯನ್ನು ಹಿಡಿದಿರುತ್ತಾರೆ. ಬೇರೆ ತೋಟಕ್ಕೆ ಹೋದರೆ ಮನೆ ಬಿಡಬೇಕೆಂಬ ಕಟ್ಟು ಹಾಕಿರುತ್ತಾರೆ. ಇದಕ್ಕಿಂತ ದುಬಾರಿ ಬಾಡಿಗೆ ಯಾವ ಪೇಟೆಯಲ್ಲಿದೆ? 1951ರ ಪ್ಲಾಂಟೇಶನ್ ಕಾರ್ಮಿಕ ಕಾಯಿದೆ ತೋಟದಲ್ಲಿ ವಾಸಿಸುವ ಕಾರ್ಮಿಕನಿಗೂ ಅವನ ಸಂಸಾರಕ್ಕೂ ಮನೆ ಕೊಡುವುದನ್ನು ಮಾತ್ರವಲ್ಲ, ಅದನ್ನು ಸುಸ್ಥಿತಿಯಲ್ಲಿ ಇಡುವುದನ್ನೂ ಮಾಲೀಕರ ಹೊಣೆಯಾಗಿ ಮಾಡಿತು. 1981ರ ತಿದ್ದುಪಡಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ಹೀಗೆ ಕೊಟ್ಟ ಮನೆ ಕುಸಿದು ಕಾರ್ಮಿಕನೋ ಅವನ ಮನೆಯವರೋ ಸತ್ತರೆ, ಗಾಯಗೊಂಡರೆ ಮಾಲೀಕರು ಪರಿಹಾರ ಕೊಡಬೇಕು. 2025ರ ನವೆಂಬರ್ 21ರಿಂದ ಹಳೆಯ ಕಾಯಿದೆಗಳು ಹೋಗಿ ನಾಲ್ಕು ಕಾರ್ಮಿಕ ಸಂಹಿತೆಗಳು ಬಂದವು. ಸಂಹಿತೆಗಳ ಮೇಲೆ ಹೇಳಬೇಕಾದುದು ಬಹಳವಿದೆ, ಅದು ಇಲ್ಲಿ ಬೇಡ. ಮನೆ ಕುಸಿತದ ಪರಿಹಾರ ಸಾಮಾಜಿಕ ಭದ್ರತಾ ಸಂಹಿತೆಯ 75ನೆಯ ಕಲಮಿನಲ್ಲಿ ಉಳಿದುಕೊಂಡಿದೆ. ಹಳೆಯ ಬಾಗಿಲೂ ಹಾಗೆಯೇ ಉಳಿದುಕೊಂಡಿದೆ. ಕುಸಿತವು ಸಂಪೂರ್ಣವಾಗಿ, ನೇರವಾಗಿ ಮನೆಯಲ್ಲಿದ್ದವರ ತಪ್ಪಿನಿಂದಲೋ ನೈಸರ್ಗಿಕ ವಿಕೋಪದಿಂದಲೋ ಆದುದಾದರೆ ಪರಿಹಾರವಿಲ್ಲ.

ನೈಸರ್ಗಿಕ ವಿಕೋಪ! ಈ ಎರಡು ಮಾತಿನ ಮರೆಯಲ್ಲಿ ನಿಂತು ಎಷ್ಟು ಜನ ತಪ್ಪಿಸಿಕೊಳ್ಳಬಹುದು. ಜುಲೈಯಲ್ಲಿ ಕುಸಿಯುವ ಯಾವ ಲೈನಿಗೂ ಮಳೆ ಒಂದು ಕಾರಣವಾಗಿರಲೇಬೇಕು. ಆದರೆ ಕಾಯಿದೆಯ ಮಾತನ್ನು ಸರಿಯಾಗಿ ಓದಬೇಕು. ಅಲ್ಲಿರುವುದು "ಸಂಪೂರ್ಣವಾಗಿ, ನೇರವಾಗಿ" ಎಂದು. ಮಳೆಯೊಂದೇ ಕೆಡವಿತೆ, ಅಥವಾ ಮೂರು ವರ್ಷದಿಂದ ಬದಲಾಯಿಸದ ಪಕ್ಕಾಸು, ತೆಗೆಯದ ಚರಂಡಿ ಮಳೆಗೆ ಕೈಗೂಡಿಸಿದವೆ ಎಂದು ಕೇಳಬೇಕು. ಕುಸಿದ ಮರುದಿನ ಮಣ್ಣು ಎತ್ತುವ ಮುಂಚೆ ಪಕ್ಕಾಸಿನ ತುಂಡು, ಗೋಡೆಯ ಬುಡ, ಧರೆಯ ಚರಂಡಿ ಇವುಗಳ ಫೋಟೋ ತೆಗೆದಿಡಬೇಕು. ಎಲ್ಲ ಕೈಯಲ್ಲೂ ಫೋನು ಇರುವ ಕಾಲವಿದು. ಈ ಸಾಕ್ಷ್ಯಕ್ಕೆ ದುಡ್ಡು ಬೇಕಾಗಿಲ್ಲ.

ಗುಡ್ಡಕ್ಕೆ ಗುಡ್ಡವೇ ಇಳಿದು ಬಂದರೆ ಅದನ್ನು ವಿಕೋಪವೆಂದೇ ಕರೆಯಬೇಕು, ಒಪ್ಪುತ್ತೇನೆ. 2019ರ ಆಗಸ್ಟಿನಲ್ಲಿ ನಮ್ಮ ಜಿಲ್ಲೆಯಲ್ಲೇ ಮೂಡಿಗೆರೆ ಕಡೆಯ ಮಲೆಮನೆ, ಮಧುಗುಂಡಿಗಳಲ್ಲಿ ಆದುದು ಅಂಥದು. 2020ರ ಆಗಸ್ಟ್ 6ರ ರಾತ್ರಿ ಕೇರಳದ ಮೂನಾರಿನ ಬಳಿಯ ಪೆಟ್ಟಿಮುಡಿಯಲ್ಲಿ ಗುಡ್ಡ ಜಾರಿ ಚಹಾ ತೋಟದ ಲೈನುಗಳನ್ನೇ ನುಂಗಿತು. 70 ಮಂದಿ ಹೋದರು. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಇಂಥ ಕಡೆಯೂ ಒಂದು ಪ್ರಶ್ನೆ ಉಳಿಯುತ್ತದೆ. ಲೈನನ್ನು ಎಲ್ಲಿ ಕಟ್ಟಬೇಕೆಂದು ಅಲ್ಲಿ ಮಲಗುವವರನ್ನು ಕೇಳುವ ಪದ್ಧತಿ ಯಾವ ತೋಟದಲ್ಲಿದೆ? ಗಿಡ ಬರುವ ಜಾಗ ಗಿಡಕ್ಕೆ, ಉಳಿದ ಮೂಲೆ ಜನಕ್ಕೆ ಎಂಬುದೇ ನಡೆದುಬಂದ ಲೆಕ್ಕ.

ಈ ಜನ ಆ ಮನೆಯ ಒಡೆಯರೇ ಆಗಿದ್ದರೆ? ಭೂಸುಧಾರಣೆ ಕಾಯಿದೆಯ 38ನೆಯ ಕಲಮು ಪರರ ಜಮೀನಿನಲ್ಲಿ ಗುಡಿಸಲು ಹಾಕಿಕೊಂಡಿರುವ ವ್ಯವಸಾಯ ಕೂಲಿಗಾರನಿಗೆ ಆ ಮನೆಯನ್ನೂ ಅದರ ತಳವನ್ನೂ ಕೊಡುವ ಮಾತಾಡಿತು. ಆದರೆ 104ನೆಯ ಕಲಮು ಪ್ಲಾಂಟೇಶನ್ನುಗಳನ್ನು ಅದರಿಂದ ಹೊರಗಿಟ್ಟಿತು. ಕಾಫಿ, ಚಹಾ, ಏಲಕ್ಕಿ, ಮೆಣಸು, ರಬ್ಬರು, ಕೋಕೋ ಎಲ್ಲ ಆ ಪಟ್ಟಿಯಲ್ಲಿವೆ. ಹೀಗಾಗಿ ಗದ್ದೆಯ ಅಂಚಿನ ಗುಡಿಸಲಿಗೆ ಒಂದು ನ್ಯಾಯ, ಕಾಫಿ ಗಿಡದ ನಡುವಿನ ಲೈನಿಗೆ ಇನ್ನೊಂದು. ಒಂದೇ ಮಳೆ ಎರಡರ ಮೇಲೂ ಬೀಳುತ್ತದೆ.

ಮನೆ ಬಿದ್ದ ಮೇಲೆ ಸರ್ಕಾರದ ಹಣ ಯಾರಿಗೆ ಹೋಗುತ್ತದೆಂಬುದನ್ನೂ ನೋಡಿ. 2022ರಿಂದ 26ರ ಅವಧಿಗೆ ಮಾಡಿದ ವಿಪತ್ತು ಪರಿಹಾರದ ಮಾನದಂಡದಲ್ಲಿ ಪೂರ್ತಿ ಬಿದ್ದ ಮನೆಗೆ ಬಯಲಿನಲ್ಲಿ 1,20,000 ರೂಪಾಯಿ, ಗುಡ್ಡಗಾಡಿನಲ್ಲಿ 1,30,000. ಭಾಗಶಃ ಹಾಳಾದ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000, ಅದೂ ಶೇಕಡಾ 15ರಷ್ಟಾದರೂ ಹಾಳಾಗಿದ್ದರೆ. ಈ ಹಣ ಮನೆಯದು, ಎಂದರೆ ಮನೆಯ ಹಕ್ಕುಪತ್ರ ಇರುವವರದು. ಒಳಗೆ ವಾಸಿಸುತ್ತಿದ್ದವರಿಗೆ ಬಟ್ಟೆಗೆ 2,500, ಪಾತ್ರೆಪರಟಿಗೆ 2,500. ಹತ್ತು ವರ್ಷ ಹೆಂಚು ಕೈಯಾಡಿಸದೆ ಬಾಡಿಗೆ ತೆಗೆದುಕೊಂಡವನಿಗೆ ಗೋಡೆ ಬಿದ್ದ ಮೇಲೆ ಪರಿಹಾರ. ಬಿದ್ದ ಗೋಡೆಯ ಪಕ್ಕದಲ್ಲಿ ಮಲಗಿದ್ದವನಿಗೆ ನಾಲ್ಕು ಪಾತ್ರೆ. ಬರೀ ಸೋರಿದ ಮನೆಗೆ ಶೇಕಡಾ ಲೆಕ್ಕವೇ ಇಲ್ಲ. ಮಗುವಿನ ಪುಸ್ತಕ ನೆನೆದುದು, ಮುದುಕಿಯ ಕೆಮ್ಮು ಶ್ರಾವಣದ ತನಕ ಬಿಡದಿದ್ದುದು ಯಾವ ಕಾಲಂನಲ್ಲೂ ಸೇರುವುದಿಲ್ಲ.

ಯಜಮಾನರ ಪರವಾಗಿ ಹೇಳಬೇಕಾದುದನ್ನೂ ಹೇಳಿಬಿಡುತ್ತೇನೆ. ಬಾಡಿಗೆ ಕೊಟ್ಟವರೆಲ್ಲ ಸಾಹುಕಾರರಲ್ಲ. ಗಂಡ ತೀರಿಕೊಂಡು, ಇರುವ ಮನೆಯ ಅರ್ಧವನ್ನು ಬಾಡಿಗೆಗೆ ಕೊಟ್ಟು ಅದರಲ್ಲೇ ಔಷಧಿ ಸಾಗಿಸುವ ಅಮ್ಮನವರು ನಮ್ಮ ಊರುಗಳಲ್ಲಿ ಇದ್ದಾರೆ. ಅವರ ತಲೆಯ ಮೇಲೂ ಅದೇ ಮಾಡು ಸೋರುತ್ತದೆ. ಹೆಂಚಿನ ಕೆಲಸ ಬಲ್ಲವರು ಕಡಿಮೆಯಾಗಿದ್ದಾರೆ, ಅವರ ಕೂಲಿ ಏರಿದೆ, ಏರಬೇಕಾದುದೇ. ಮೇ ತಿಂಗಳಲ್ಲಿ ಊರಿಗೆಲ್ಲ ಒಮ್ಮೆಗೇ ಅವರು ಬೇಕು. ಅಡಿಕೆಯ ಹಣ ಕೈಗೆ ಬರುವುದು ಚಳಿಗಾಲದಲ್ಲಿ. ಬೇಸಿಗೆಯ ಮದುವೆ, ಶಾಲೆಯ ಫೀಜುಗಳಲ್ಲಿ ಅದು ಕರಗಿ ಹೋದ ಮೇಲೆ ಹೆಂಚಿನ ನೆನಪಾಗುತ್ತದೆ. ಇದೆಲ್ಲ ನಿಜ. ಆದರೆ ಈ ಎಲ್ಲ ತೊಂದರೆಗೆ ಉತ್ತರ ಮೊದಲೇ ಹಣ ತೆಗೆದಿಡುವುದೇ ಹೊರತು, ತೊಂದರೆಯನ್ನು ಬಾಡಿಗೆದಾರನ ಹೆಗಲಿಗೆ ದಾಟಿಸುವುದಲ್ಲ. ಹನ್ನೆರಡು ತಿಂಗಳ ಬಾಡಿಗೆಯಲ್ಲಿ ಒಂದು ತಿಂಗಳಿನದು ಮಾಡಿನದೆಂದು ಕರಾರಿನಲ್ಲೇ ಬರೆಯಬಹುದು. ಮಾಘ ಮಾಸದ ಬಾಡಿಗೆ ಯಜಮಾನರ ಕೈಗೆ ಹೋಗದೆ ಹೆಂಚು, ರೀಪುಗಳಾಗಿ ಮನೆಗೇ ಬರಲಿ. ಬಾಡಿಗೆದಾರ ರಸೀದಿ ಒಪ್ಪಿಸಲಿ, ಯಜಮಾನರು ಎಣಿಸಿಕೊಳ್ಳಲಿ. ಒಂದು ತಿಂಗಳ ಬಾಡಿಗೆಯಲ್ಲಿ ಸಾಲದಷ್ಟು ಕೆಟ್ಟಿರುವ ಮನೆಯನ್ನು ಬಾಡಿಗೆಗೆ ಕೊಡುವುದೇ ತಪ್ಪು. ಅಮ್ಮನವರಂಥವರಿಗೆ ಸಹಕಾರ ಸಂಘಗಳು ಏಪ್ರಿಲಿನಲ್ಲಿ ಸಣ್ಣ ಸಾಲ ಕೊಡಲಿ. ಮೈಲುತುತ್ತಕ್ಕೆ ಕೊಡುವುದಿಲ್ಲವೆ?

ಪಂಚಾಯತಿಗಳ ಮೇಲೂ ಒಂದು ಮಾತು. ಮನೆ ಕಂದಾಯ ಎತ್ತಲು ಪ್ರತಿ ಬಾಗಿಲಿಗೂ ಹೋಗುತ್ತಾರೆ. ಆ ಪುಸ್ತಕದಲ್ಲೇ ಇನ್ನೊಂದು ಅಂಕಣ ಹಾಕಲಿ: ವಾಸಿಸುವವರು ಒಡೆಯರೋ ಬಾಡಿಗೆಯವರೋ, ಮಾಡು ಹೇಗಿದೆ, ಹಿಂದೆ ಧರೆ ಇದೆಯೋ, ಚರಂಡಿ ಇದೆಯೋ. ಲೈನುಗಳನ್ನು ಬಿಡಬಾರದು. ಗೇಟಿನಲ್ಲಿ ಕಾವಲಿನವನು ತಡೆದನೆಂದು ಹಿಂದಿರುಗುವ ಪಂಚಾಯತಿ ಸದಸ್ಯರು ಮತ ಕೇಳಲು ಅದೇ ಗೇಟು ದಾಟಿ ಹೋಗುತ್ತಾರೆಂಬುದು ಎಲ್ಲರಿಗೂ ಗೊತ್ತು. ಈ ಪಟ್ಟಿ ಗ್ರಾಮಸಭೆಯಲ್ಲಿ ಓದಲ್ಪಡಲಿ. ಗೋಡೆ ಬಿದ್ದ ದಿನ "ಗೊತ್ತೇ ಇರಲಿಲ್ಲ" ಎಂದು ಯಾರೂ ಹೇಳಲಾಗದಿದ್ದರೆ ಅಷ್ಟರಮಟ್ಟಿಗೆ ಲಾಭ.

ಬಾಡಿಗೆದಾರರು ಮಾಡಬೇಕಾದ ಕೆಲಸ ಇಲ್ಲವೆಂದಲ್ಲ. ಸೂರಿನ ಕೆಳಗಿನ ಚರಂಡಿಯ ತರಗೆಲೆ ತೆಗೆಯುವುದಕ್ಕೆ ಯಜಮಾನರನ್ನು ಕರೆಯಬೇಕಾಗಿಲ್ಲ. ಹೆಂಚು ಜಾರಿದ್ದು ಕಂಡ ದಿನವೇ ಹೇಳಬೇಕು. ನವರಾತ್ರಿಗೆ ಮನೆ ಬಿಡುವಾಗ ಹೇಳಿದರೆ ಉಪಯೋಗವಿಲ್ಲ. ನೆನೆದ ಗೋಡೆಯ ಸ್ವಿಚ್ಚನ್ನು ಮುಟ್ಟಬಾರದು, ಮಕ್ಕಳನ್ನು ಧರೆಯ ಕಡೆಯ ಕೋಣೆಯಲ್ಲಿ ಮಲಗಿಸಬಾರದು. ಹೇಳುವುದನ್ನು ಬಾಯಲ್ಲಿ ಹೇಳಿ ಬರುವ ಬದಲು ಕಾಗದದಲ್ಲಿ ಬರೆದು ಹೇಳಬೇಕು. ಎರಡು ಸಾಲು ಸಾಕು: ಇಂಥ ದಿನ ನೋಡಿದಾಗ ಇಂಥ ಕಡೆ ಇಷ್ಟು ಹೆಂಚು ಒಡೆದಿವೆ, ರೀಪು ಕೆಟ್ಟಿದೆ, ಮಳೆಗೆ ಮೊದಲು ಸರಿಪಡಿಸಿ ಕೊಡಬೇಕು, ಇಲ್ಲವಾದರೆ ನಾನೇ ಮಾಡಿಸಿ ಬಾಡಿಗೆಯಲ್ಲಿ ಮುರಿದುಕೊಳ್ಳುತ್ತೇನೆ. ಮುರಿದುಕೊಳ್ಳುವ ಮುಂಚೆ ಕರಾರಿನಲ್ಲಿ ರಿಪೇರಿಯ ಸಾಲು ಏನಿದೆಯೆಂದು ತಿಳಿದವರಿಂದ ಓದಿಸಿಕೊಳ್ಳಿ. ಸಾಲು ಅಡ್ಡ ಬಂದರೆ ಮುಂದಿನ ಹನ್ನೊಂದು ತಿಂಗಳಿಗೆ ಅದನ್ನು ಹೊಡೆಸಿ ಹಾಕುವ ಮಾತಾಡಿ. ಒಬ್ಬೊಬ್ಬರೇ ಹೋಗುವುದಕ್ಕಿಂತ ಒಂದೇ ಯಜಮಾನರ ನಾಲ್ಕು ಕೋಣೆಯವರು ಕೂಡಿ ಒಂದೇ ಕಾಗದಕ್ಕೆ ಸಹಿ ಹಾಕುವುದು ಲೇಸು. ನಾಲ್ವರನ್ನು ಒಟ್ಟಿಗೆ ಬಿಡಿಸಲು ಯಾರಿಗೂ ಅಷ್ಟು ಸುಲಭದಲ್ಲಿ ಧೈರ್ಯ ಬಾರದು. ಕಾಗದದ ನಕಲೊಂದು ನಿಮ್ಮಲ್ಲಿರಲಿ. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿಯನ್ನು ಕರಾರಿನ ಜತೆಗೇ ಇಟ್ಟುಕೊಳ್ಳಿ. ಮೇ ತಿಂಗಳ ಕೊನೆಯ ವಾರದಲ್ಲಿ ಹೆಂಚಿನ ಕೆಲಸದವರು ಯಾರಿಗೂ ಸಿಗುವುದಿಲ್ಲವಾದ್ದರಿಂದ, ಏಪ್ರಿಲ್ ಮುಗಿಯುವುದರೊಳಗೆ ಅದು ಯಜಮಾನರ ಕೈ ಸೇರಿರಬೇಕು.